ಮೂರು ದಿನ, ಮೂರು ಊರು, ಎರಡು ಮೃದಂಗ: ರಾಮನವಮಿ ಸೀಸನ್ನಿನ ವಾರಾಂತ್ಯ ನಿಭಾಯಿಸುವ ಬಗೆ

ಶಿವರಾತ್ರಿ ಹೊತ್ತಿಗೆ ಫೋನ್ ಶುರುವಾಗುತ್ತದೆ. ಯುಗಾದಿ ಬರುವಷ್ಟರಲ್ಲಿ ಏಪ್ರಿಲ್ ತಿಂಗಳ ಶನಿವಾರ, ಭಾನುವಾರಗಳೆಲ್ಲ ಡೈರಿಯಲ್ಲಿ ಕಪ್ಪಾಗಿರುತ್ತವೆ. ನಮ್ಮ ಕಡೆ ರಾಮನವಮಿ ಅಂದರೆ ಪಾನಕ, ಕೋಸಂಬರಿ ಎಷ್ಟೋ ಸಂಗೀತವೂ ಅಷ್ಟೇ. ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಶ್ರೀ ರಾಮಸೇವಾ ಮಂಡಳಿ 1939ರಲ್ಲಿ ಶುರುಮಾಡಿದ ಉತ್ಸವದಂಥ ದೊಡ್ಡವು ಒಂದು ಕಡೆ. ಬಡಾವಣೆಯ ರಾಮಮಂದಿರದಲ್ಲಿ ಶಾಮಿಯಾನ ಹಾಕಿ ಮಾಡುವ ಚಿಕ್ಕವು ಇನ್ನೊಂದು ಕಡೆ. ಎರಡಕ್ಕೂ ಮೃದಂಗದವರು ಬೇಕು.

ನಾನು ಪಕ್ಕವಾದ್ಯದವನು. ಇಪ್ಪತ್ತು ವರ್ಷದಿಂದ ಇದೇ ನನ್ನ ಹೊಟ್ಟೆಪಾಡು. ಈಗ ತಾನೇ ಸೀಸನ್ನಿಗೆ ಇಳಿಯುತ್ತಿರುವ ಹುಡುಗ ಹುಡುಗಿಯರು "ಮೂರು ದಿನ ಮೂರು ಊರು ಹೇಗೆ ಮಾಡ್ತೀರಿ ಸರ್?" ಅಂತ ಕೇಳುತ್ತಾರೆ. ನುಡಿಸುವುದನ್ನು ನಿಮ್ಮ ಮೇಷ್ಟ್ರು ಕಲಿಸಿದ್ದಾರೆ. ಒಂದು ಕಛೇರಿ ಮುಗಿದು ಇನ್ನೊಂದು ಶುರುವಾಗುವವರೆಗಿನ ಇಪ್ಪತ್ತು ಗಂಟೆ ಏನು ಮಾಡಬೇಕು ಅನ್ನೋದನ್ನು ಮಾತ್ರ ಯಾರೂ ಕೂರಿಸಿ ಹೇಳಿಕೊಡುವುದಿಲ್ಲ. ನಾನು ನೋಡಿದ ಹಾಗೆ ಕಛೇರಿ ಕೆಡುವುದು ಹೆಚ್ಚಾಗಿ ಅಲ್ಲೇ.

ಉದಾಹರಣೆಗೆ ಒಂದು ವಾರಾಂತ್ಯ ತೆಗೆದುಕೊಳ್ಳೋಣ. ಶುಕ್ರವಾರ ಸಂಜೆ ಮೈಸೂರು, ಗಂಡು ಗಾಯನ. ಶನಿವಾರ ಸಂಜೆ ಶಿವಮೊಗ್ಗ, ಹೆಣ್ಣು ಗಾಯನ. ಭಾನುವಾರ ಸಂಜೆ ಬೆಂಗಳೂರಲ್ಲಿ ಒಂದು ರಂಗಪ್ರವೇಶ, ಅಂದರೆ ಭರತನಾಟ್ಯ ಕಲಿತ ಹುಡುಗಿಯ ಮೊದಲ ಪೂರ್ಣ ಕಾರ್ಯಕ್ರಮ.

ಹಂತ 1: ಫೋನಿನಲ್ಲೇ ಎಲ್ಲ ಕೇಳಿ

"ಸರ್, ಶನಿವಾರ ಫ್ರೀ ಇದೀರಾ?" ಅಂತ ಕರೆ ಬರುತ್ತದೆ. ಖುಷಿಯಲ್ಲಿ "ಇದೀನಿ" ಅಂದುಬಿಟ್ಟರೆ ಅಲ್ಲಿಗೆ ಮುಗಿಯಿತು. ಆಮೇಲೆ ಏನು ಕೇಳಿದರೂ ನೀವು ತಕರಾರು ಮಾಡುತ್ತಿದ್ದೀರಿ ಅನ್ನಿಸುತ್ತದೆ. "ಡೈರಿ ನೋಡಿ ಹತ್ತು ನಿಮಿಷದಲ್ಲಿ ಹೇಳ್ತೀನಿ. ಅಷ್ಟರಲ್ಲಿ ಒಂದೆರಡು ವಿಷಯ ತಿಳ್ಕೊಳ್ಳಲಾ?" ಅನ್ನಿ. ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮೊದಲು ಯಾರ ಕಛೇರಿ, ಶ್ರುತಿ (ಹಾಡಿನ ಆಧಾರ ಸ್ವರದ ಎತ್ತರ) ಎಷ್ಟು ಅಂತ ಕೇಳಿ. ಕಾರ್ಯದರ್ಶಿಗಳಿಗೆ ಶ್ರುತಿ ಗೊತ್ತಿರುವುದಿಲ್ಲ. ಗಾಯಕರಿಗೇ ಒಂದು ಮೆಸೇಜ್ ಹಾಕಿ. ಶ್ರುತಿಯನ್ನು ನಾವು ಹಾರ್ಮೋನಿಯಂ ಮನೆಗಳ ಲೆಕ್ಕದಲ್ಲಿ ಹೇಳುತ್ತೇವೆ. "ಒಂದು ಮನೆ" ಅಂದರೆ ತಗ್ಗಿನ ಮೃದಂಗ, "ಐದೂವರೆ" ಅಂದರೆ ಹೆಚ್ಚಿನದು. ವೀಣೆ, ಕೊಳಲು ಆದರೆ ಇನ್ನೊಂದು ಸಲ ಕೇಳಿ. ಹೋದ ವರ್ಷ ಇದ್ದ ಶ್ರುತಿ ಈ ವರ್ಷವೂ ಇದೆ ಅಂತ ಅಂದುಕೊಳ್ಳಬೇಡಿ.

ಎರಡನೆಯದು ಜಾಗ. ಊರಿನ ಹೆಸರು ಸಾಲದು. ಲೊಕೇಶನ್ ಕಳಿಸಲು ಹೇಳಿ. ಇದನ್ನು ನಾನು ಪೆಟ್ಟು ತಿಂದು ಕಲಿತೆ. ಒಂದು ಸಲ "ರಾಮಮಂದಿರದ ಹತ್ರ ಶಾಮಿಯಾನ" ಅಂದರು. ಹೋದೆ. ರಾಮಮಂದಿರ ಇತ್ತು, ಶಾಮಿಯಾನ ಇತ್ತು, ವೇದಿಕೆಯೂ ಇತ್ತು. ಚೀಲ ಬಿಚ್ಚಿ ಶ್ರುತಿ ಮಾಡಲು ಕೂತೆ. ಪಕ್ಕದಲ್ಲಿ ಬಂದು ಕೂತವರು ಹಾರ್ಮೋನಿಯಂ ಇಟ್ಟುಕೊಂಡಿದ್ದರು. ಅವತ್ತು ಅಲ್ಲಿ ಹರಿಕಥೆ! ನನ್ನ ಕಛೇರಿ ಇದ್ದದ್ದು ಎರಡು ಬಡಾವಣೆ ಆಚೆಗಿನ ಇನ್ನೊಂದು ರಾಮಮಂದಿರದಲ್ಲಿ. ಆಟೋ ಹಿಡಿದು ಹೋಗುವಷ್ಟರಲ್ಲಿ ಮೊದಲಿಗೆ ಹಾಡುವ ವರ್ಣ ಮುಗಿದಿತ್ತು. ಗಾಯಕರು ಏನೂ ಅನ್ನಲಿಲ್ಲ. ಆ ನಗು ಮಾತ್ರ ಇನ್ನೂ ನೆನಪಿದೆ.

ಮೂರನೆಯದು ಸಮಯ. ಶುರು ಎಷ್ಟಕ್ಕೆ ಅಂತ ಎಲ್ಲರೂ ಕೇಳುತ್ತಾರೆ. ಮುಗಿಯುವುದು ಎಷ್ಟಕ್ಕೆ ಅಂತಲೂ ಕೇಳಿ. ಕಛೇರಿಗೆ ಮುಂಚೆ ಸನ್ಮಾನ, ಭಾಷಣ ಇದೆಯಾ ಅಂತಲೂ ಕೇಳಿ. "ಆರಕ್ಕೆ" ಅಂದ ಕಛೇರಿ ಭಾಷಣ ಮುಗಿದು ಏಳಕ್ಕೆ ಶುರುವಾದರೆ ನಿಮ್ಮ ಕೊನೆಯ ಬಸ್ ಹೋಯಿತು ಅಂತಲೇ.

ಕೊನೆಯದು ದುಡ್ಡು. ಸಂಭಾವನೆ ಬೇರೆ, ಪ್ರಯಾಣದ ಖರ್ಚು ಬೇರೆ. ಎರಡನ್ನೂ ಬಿಡಿಬಿಡಿಯಾಗಿ ಮಾತಾಡಿ. "ಎಲ್ಲಾ ಸೇರಿ ಇಷ್ಟು" ಅಂದಾಗ ಮನಸ್ಸಿನಲ್ಲೇ ಟಿಕೆಟ್, ಆಟೋ, ಊಟ ಕಳೆದು ನೋಡಿ. ಎಷ್ಟೋ ಸಲ ಉಳಿಯುವುದು ಒಂದು ದಿನದ ಪಾಠದ ಫೀಸಿಗಿಂತ ಕಮ್ಮಿ. ಹಾಗಂತ ಬಿಡಲೇಬೇಕು ಅಂತಿಲ್ಲ. ಒಳ್ಳೆಯ ಹಾಡುಗಾರಿಕೆ ಇದ್ದರೆ, ಕೇಳುವ ಊರಾದರೆ ನಾನೂ ಹೋಗಿದ್ದೇನೆ. ಲೆಕ್ಕ ಗೊತ್ತಿದ್ದು ಹೋಗಬೇಕು, ಅಷ್ಟೇ. ಉಳಿಯಲು ರೂಮ್ ಕೊಡುತ್ತಾರಾ ಅನ್ನೋದನ್ನೂ ಇಲ್ಲೇ ಕೇಳಿ. ಎಲ್ಲ ಮುಗಿದ ಮೇಲೆ ಮಾತಾಡಿದ್ದನ್ನು ನಾಲ್ಕು ಸಾಲಿನಲ್ಲಿ ವಾಟ್ಸಾಪ್ ಮಾಡಿ. "ಸರಿ" ಅಂತ ಅವರಿಂದ ಉತ್ತರ ಬರುವವರೆಗೆ ಡೈರಿಯಲ್ಲಿ ಪೆನ್ಸಿಲ್ಲಿನಲ್ಲೇ ಬರೆಯಿರಿ.

ಹಂತ 2: ಯಾವುದನ್ನು ಬಿಡಬೇಕು

ನಮ್ಮ ಉದಾಹರಣೆಯ ವಾರಾಂತ್ಯದಲ್ಲಿ ನಾಲ್ಕನೇ ಕರೆಯೂ ಬರುತ್ತದೆ ಅಂದುಕೊಳ್ಳಿ. ಬಂದೇ ಬರುತ್ತದೆ. ಶನಿವಾರ ಬೆಳಿಗ್ಗೆ ಹತ್ತೂವರೆಗೆ ಹಾಸನದಲ್ಲಿ ಒಂದು ಕಛೇರಿ. ಮೈಸೂರಿಂದ ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲೇ ಹಾಸನ ಸಿಗುತ್ತದೆ. ಮ್ಯಾಪ್ ನೋಡಿದರೆ ದೇವರೇ ಕೊಟ್ಟ ಹಾಗಿದೆ, ಅಲ್ವಾ?

ಈಗ ಗಡಿಯಾರ ನೋಡಿ. ಶುಕ್ರವಾರ ಕಛೇರಿ ಮುಗಿಯುವುದು ಒಂಬತ್ತಕ್ಕೆ. ಮಂಗಳ, ಮಾತುಕತೆ, ಊಟ ಮುಗಿಸಿ ರೂಮಿಗೆ ಬಂದು ಮಲಗಿದಾಗ ಹನ್ನೆರಡು. ಹಾಸನ ಸುಮಾರು 120 ಕಿಲೋಮೀಟರ್. ಒಂಬತ್ತಕ್ಕೆ ಅಲ್ಲಿರಬೇಕಾದರೆ ಬೆಳಗಿನ ಜಾವ ನಾಲ್ಕೂವರೆಗೆ ಏಳಬೇಕು. ಮಧ್ಯಾಹ್ನ ಒಂದಕ್ಕೆ ಅಲ್ಲಿ ಮುಗಿದರೆ ಮೂರು ಮೂರೂವರೆ ಗಂಟೆ ಪ್ರಯಾಣ. ಶಿವಮೊಗ್ಗ ತಲುಪಿದಾಗ ಐದು. ದಾರಿಯಲ್ಲಿ ಒಂದು ಟೈರ್ ಪಂಕ್ಚರ್ ಆದರೆ ಆರಕ್ಕೆ ವೇದಿಕೆ ಮೇಲೆ ನಿಮ್ಮ ಜಾಗ ಖಾಲಿ.

ನನ್ನ ಲೆಕ್ಕ ಸರಳ. ಪ್ರಯಾಣಕ್ಕೆ ಎಷ್ಟು ಹಿಡಿಯುತ್ತದೋ ಅದರ ಮೇಲೆ ಮೂರು ಗಂಟೆ ಬಿಡುವು ಸಿಗಬೇಕು. ಎರಡು ಕಛೇರಿಗಳ ನಡುವೆ ಒಂದು ರಾತ್ರಿ ಇದ್ದರೆ ಆರು ಗಂಟೆ ನಿದ್ದೆ ಸಿಗಬೇಕು. ಎರಡರಲ್ಲಿ ಒಂದು ತಪ್ಪಿದರೂ ಬಿಡುತ್ತೇನೆ. ಹಾಸನದ್ದು ಎರಡೂ ತಪ್ಪುತ್ತದೆ.

ಬಿಡುವಾಗ ಬರಿಗೈಯಲ್ಲಿ ಬಿಡಬೇಡಿ. "ನನಗೆ ಆಗ್ತಿಲ್ಲ ಸರ್, ಆದ್ರೆ ಹಾಸನದಲ್ಲೇ ಒಬ್ಬರು ಚೆನ್ನಾಗಿ ನುಡಿಸ್ತಾರೆ, ನಂಬರ್ ಕೊಡ್ಲಾ?" ಅನ್ನಿ. ಮುಂದಿನ ವರ್ಷ ಅವರು ನಿಮಗೇ ಫೋನ್ ಮಾಡುತ್ತಾರೆ. ಆ ಹುಡುಗನೂ ಇನ್ನೆಲ್ಲೋ ನಿಮ್ಮ ಹೆಸರು ಹೇಳುತ್ತಾನೆ.

ಹಂತ 3: ಸೋಮವಾರದಿಂದಲೇ ವಾದ್ಯ ನೋಡಿಕೊಳ್ಳಿ

ಶುಕ್ರವಾರದ ಕಛೇರಿಯ ತಯಾರಿ ಶುರುವಾಗುವುದು ಸೋಮವಾರ. ಎರಡೂ ಮೃದಂಗ ತೆಗೆದು ಬೆಳಕಿನಲ್ಲಿ ಇಟ್ಟು ನೋಡಿ. ಕರಣೆಯಲ್ಲಿ (ಬಲಭಾಗದ ನಡುವಿನ ಕಪ್ಪು ವೃತ್ತದಲ್ಲಿ) ಬಿರುಕು ಹೆಚ್ಚಾಗಿದೆಯಾ, ಅಂಚು ಎದ್ದಿದೆಯಾ, ಬಿಗಿದಿರುವ ಚರ್ಮದ ಬಾರು ಎಲ್ಲಾದರೂ ಸವೆದಿದೆಯಾ? ಅನುಮಾನ ಬಂದರೆ ಅವತ್ತೇ ರಿಪೇರಿಯವರ ಹತ್ತಿರ ಒಯ್ಯಿರಿ. ಗುರುವಾರ ಹೊಸ ಕರಣೆ ಹಾಕಿಸಿ ಶುಕ್ರವಾರ ಕಛೇರಿಗೆ ಕೂರುವ ಧೈರ್ಯ ಮಾತ್ರ ಮಾಡಬೇಡಿ. ಹೊಸ ಕರಣೆ ನಾಲ್ಕಾರು ದಿನ ನುಡಿಸಿದ ಮೇಲೇ ಬಾಯಿ ಬಿಡುವುದು. ಅಲ್ಲಿವರೆಗೆ ನಾದ ಬಿಗಿದುಕೊಂಡಂತೆ ಇರುತ್ತದೆ.

ಎರಡು ವಾದ್ಯ ಯಾಕೆ ಅಂತ ಮನೆಯವರು ಕೇಳುತ್ತಾರೆ. ತಗ್ಗಿನದು ಸುಮಾರು 24 ಇಂಚು ಉದ್ದ, ಹೆಚ್ಚಿನದು 22ರ ಆಸುಪಾಸು. ಒಂದು ಮನೆಗೆ ಮಾಡಿದ್ದನ್ನು ಎಳೆದು ಐದೂವರೆಗೆ ತರಲು ಆಗುವುದಿಲ್ಲ. ತರಲು ಹೋದರೆ ಮುಚ್ಚಿಗೆ, ಅಂದರೆ ಬಾಯಿಗೆ ಹೊದಿಸಿದ ಚರ್ಮ, ಹರಿಯುತ್ತದೆ. ಹೆಚ್ಚಿನದನ್ನು ಐದೂವರೆಯಿಂದ ಐದಕ್ಕೆ ಇಳಿಸಿಕೊಳ್ಳುವುದು ಸುಲಭ. ಹಾಗಾಗಿ ಶನಿವಾರದ ಐದೂವರೆ ಶ್ರುತಿಗೂ ಭಾನುವಾರದ ಐದು ಶ್ರುತಿಗೂ ಒಂದೇ ಮೃದಂಗ ಸಾಕು. ಫೋನಿನಲ್ಲಿ ಶ್ರುತಿ ಕೇಳಿದ್ದು ಇದಕ್ಕೇ.

ಏಪ್ರಿಲ್ ಬಿಸಿಲಿನ ಬಗ್ಗೆ ಒಂದು ಮಾತು. ಚರ್ಮ ಒಣಗಿದರೆ ಶ್ರುತಿ ಏರುತ್ತದೆ, ತೇವ ಹಿಡಿದರೆ ಇಳಿಯುತ್ತದೆ. ಬಾಗಿಲು ಹಾಕಿದ ಕಾರನ್ನು ಬಿಸಿಲಲ್ಲಿ ನಿಲ್ಲಿಸಿ ಮೃದಂಗವನ್ನು ಡಿಕ್ಕಿಯಲ್ಲಿ ಬಿಟ್ಟು ಊಟಕ್ಕೆ ಹೋದರೆ, ವಾಪಸ್ ಬರುವಷ್ಟರಲ್ಲಿ ಅದು ಹಪ್ಪಳದ ಹಾಗೆ ಬಿಗಿದಿರುತ್ತದೆ. ಊಟದ ಹೋಟೆಲಿಗೂ ಹೊತ್ತುಕೊಂಡು ಹೋಗಿ. ಪಕ್ಕದ ಕುರ್ಚಿ ಮೇಲೆ ಕೂರಿಸಿ. ಸಪ್ಲೈಯರ್ ಅದಕ್ಕೂ ಒಂದು ಎಲೆ ಹಾಕಲಾ ಅಂತ ತಮಾಷೆ ಮಾಡುತ್ತಾನೆ, ಮಾಡಲಿ ಬಿಡಿ.

ಹಂತ 4: ಚೀಲ

ಬಟ್ಟೆಯ ಚೀಲ ಬೇರೆ, ಸಾಮಾನಿನ ಚೀಲ ಬೇರೆ. ಸಾಮಾನಿನ ಚೀಲದಲ್ಲಿ ನಾನು ಇಡುವುದು: ಶ್ರುತಿ ಮಾಡುವ ಕಲ್ಲು, ಮರದ ತುಂಡು, ನಟ್ಟು ಬೋಲ್ಟಿನ ಮೃದಂಗ ಇದ್ದರೆ ಸ್ಪ್ಯಾನರ್ (ಎರಡು, ಒಂದು ಕಳೆದೇ ಹೋಗುತ್ತದೆ), ಸಣ್ಣ ಡಬ್ಬಿಯಲ್ಲಿ ರವೆ (ಮೃದಂಗದ ಎಡಭಾಗಕ್ಕೆ ಹಚ್ಚಲು), ಒಂದು ಬಟ್ಟಲು, ಹಳೆ ಟವೆಲ್ ಎರಡು, ಎಲೆಕ್ಟ್ರಾನಿಕ್ ತಂಬೂರಿ ಇಲ್ಲವೇ ಫೋನಿನಲ್ಲಿ ಅದರ ಆ್ಯಪ್, ಚಾರ್ಜರ್, ಪವರ್ ಬ್ಯಾಂಕ್, ಪಿನ್ನು, ಪುಟ್ಟ ನೋಟ್‌ಬುಕ್, ತೊಡೆ ಕೆಳಗೆ ಇಟ್ಟುಕೊಳ್ಳಲು ಒಂದು ಮಡಿಸಿದ ಬಟ್ಟೆ.

ಬಟ್ಟೆಯ ವಿಷಯದಲ್ಲಿ ಹೇಳೋದು ಒಂದೇ. ಮೂರು ದಿನಕ್ಕೆ ಮೂರು ಜುಬ್ಬ ಸಾಲದು, ನಾಲ್ಕು ಬೇಕು. ಒಂದರ ಮೇಲೆ ಯಾರಾದರೂ ಪಾನಕ ಚೆಲ್ಲುತ್ತಾರೆ.

ರವೆಯ ಬಗ್ಗೆ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಊರಿನ ಆಚೆ ಹೋದಾಗ ಹೊಸಬರು ಎಡವುವುದು ಇಲ್ಲೇ. ಉಪ್ಪಿಟ್ಟಿನ ರವೆಯೇ ಸಾಕು. ಆದರೆ ಹುರಿದಿರಬಾರದು. ಮನೆಯಲ್ಲಿ ಅಮ್ಮ ಹುರಿದು ಡಬ್ಬಿಗೆ ಹಾಕಿಟ್ಟದ್ದನ್ನೇ ತಂದರೆ ಅದು ಅಂಟುವುದಿಲ್ಲ, ತನಿಯ (ತಾಳವಾದ್ಯದವರಷ್ಟೇ ನುಡಿಸುವ ಭಾಗದ) ಮಧ್ಯೆ ಚೂರು ಚೂರಾಗಿ ಉದುರುತ್ತದೆ. ಬಟ್ಟಲಿಗೆ ಎರಡು ಚಮಚ ರವೆ ಹಾಕಿ, ನೀರು ಚಿಮುಕಿಸಿ, ಐದು ನಿಮಿಷ ನೆನೆಯಲು ಬಿಡಿ. ಆಮೇಲೆ ಬೆರಳಲ್ಲಿ ನಾದಿ. ಮೊದಲು ಕೈಗೆಲ್ಲ ಮೆತ್ತುತ್ತದೆ, ಬೇಸರ ಬೇಡ. ನಾದುತ್ತಾ ಹೋದ ಹಾಗೆ ಕೈ ಬಿಟ್ಟು ಒಂದೇ ಉಂಡೆಯಾಗುತ್ತದೆ. ಎಳೆದರೆ ತುಂಡಾಗದೆ ಜಗ್ಗಬೇಕು, ಅದೇ ಹದ. ಎಡಭಾಗದ ಚರ್ಮದ ನಡುವೆ ಒದ್ದೆ ಕೈ ಸವರಿ, ಉಂಡೆ ಇಟ್ಟು ಹೆಬ್ಬೆರಳಿಂದ ಸುತ್ತ ತಟ್ಟುತ್ತಾ ಹರಡಿ. ನಡುವೆ ದಪ್ಪ, ಅಂಚಿಗೆ ತೆಳ್ಳಗೆ. ರವೆ ಜಾಸ್ತಿಯಾದರೆ ನಾದ ಇನ್ನೂ ಕೆಳಗೆ ಇಳಿಯುತ್ತದೆ, ಕಮ್ಮಿಯಾದರೆ ಮೇಲೆ. ಬಲಭಾಗದ ಷಡ್ಜಕ್ಕೆ ("ಸ" ಸ್ವರಕ್ಕೆ) ಕೆಳಗಿನ ಸ್ಥಾಯಿಯಲ್ಲಿ ಅದು ಬಂದು ಕೂರುವವರೆಗೆ ಚಿಟಿಕೆ ತೆಗೆಯುತ್ತಾ, ಸೇರಿಸುತ್ತಾ ಹೋಗಿ.

ಈಗ ರವೆ ಬದಲು ಸಿಲಿಕೋನ್ ಹಚ್ಚಿಸಿಕೊಂಡವರೂ ತುಂಬಾ ಜನ ಇದ್ದಾರೆ. ಪ್ರಯಾಣಕ್ಕೆ ಅನುಕೂಲ, ಸುಳ್ಳಲ್ಲ. ನನ್ನ ಕಿವಿಗೆ ಮಾತ್ರ ಆ "ತೋಂ" ಇನ್ನೂ ಒಗ್ಗಿಲ್ಲ.

ಹಂತ 5: ದಾರಿ

ಮೃದಂಗ ನಿಮ್ಮ ಕಣ್ಣೆದುರೇ ಇರಬೇಕು. ಬಸ್ಸಿನ ಕೆಳಗಿನ ಡಿಕ್ಕಿಗೆ ಹಾಕಬೇಡಿ. ಬೇರೆ ಕಲಾವಿದರ ಕಾರಿನಲ್ಲಿ "ನೀವು ತಂದ್ಬಿಡಿ" ಅಂತ ಕಳಿಸಲೂ ಬೇಡಿ. ಅವರು ಒಳ್ಳೆಯವರೇ, ಕಾರು ಕೆಡುವುದಕ್ಕೆ ಅವರೇನು ಮಾಡುತ್ತಾರೆ?

ಎರಡು ವಾದ್ಯ, ಎರಡು ಚೀಲ ಒಬ್ಬರ ಕೈಯಲ್ಲಿ ಆಗುವುದಿಲ್ಲ. ಹಲಸಿನ ಮರದ ಮೃದಂಗ ಹಗುರ ಅಲ್ಲ. ನಾನು ಒಬ್ಬ ಶಿಷ್ಯನನ್ನು ಕರೆದುಕೊಂಡು ಹೋಗುತ್ತೇನೆ. ಅವನ ಟಿಕೆಟ್, ಊಟ ನನ್ನದು, ಕೈಗೆ ಒಂದಿಷ್ಟು ದುಡ್ಡೂ ಕೊಡುತ್ತೇನೆ. ಸುಮ್ನೆ ಹೊರೆ ಹೊರಲು ಕರೆದುಕೊಂಡು ಹೋದರೆ ಅದು ತಪ್ಪು. ವೇದಿಕೆಯಲ್ಲಿ ಹಿಂದೆ ಕೂತು ತಾಳ ಹಾಕಲಿ, ರಾತ್ರಿ ರೂಮಿನಲ್ಲಿ ಅವತ್ತಿನ ತನಿ ಬಗ್ಗೆ ಕೇಳಲಿ. ನಾನೂ ಹೀಗೇ ಕಲಿತವನು.

ನಮ್ಮ ಮೂರು ದಿನದ ದಾರಿ ಹೀಗೆ. ಶುಕ್ರವಾರ ಬೆಂಗಳೂರಿಂದ ಮೈಸೂರಿಗೆ ಮಧ್ಯಾಹ್ನಕ್ಕೆ ಮುಂಚಿನ ರೈಲು. ಕಾರಾದರೆ 2023ರಲ್ಲಿ ಉದ್ಘಾಟನೆಯಾದ ಹೊಸ ಹೆದ್ದಾರಿ ಇದೆ, ಬೇಗ ಆಗುತ್ತದೆ. ಆದರೆ ಅದು ರಾಮನಗರ, ಚನ್ನಪಟ್ಟಣ, ಮದ್ದೂರು, ಮಂಡ್ಯ ಎಲ್ಲವನ್ನೂ ಪಕ್ಕಕ್ಕೆ ಬಿಟ್ಟು ಹೋಗುತ್ತದೆ. ಮದ್ದೂರು ವಡೆ ಬೇಕು ಅಂದರೆ ಕೆಳಗಿಳಿದು ಊರೊಳಗೆ ಹೋಗಬೇಕು. ವಾಪಸ್ ಬರುವಾಗ ತಿನ್ನಿ. ಕಛೇರಿಗೆ ಮುಂಚೆ ಕರಿದದ್ದು ಒಳ್ಳೆಯದಲ್ಲ.

ಶನಿವಾರ ಬೆಳಿಗ್ಗೆ ಎಂಟರೊಳಗೆ ಮೈಸೂರು ಬಿಡಿ. ಶಿವಮೊಗ್ಗ ಸುಮಾರು 250 ಕಿಲೋಮೀಟರ್. ಮಧ್ಯಾಹ್ನ ಎರಡಕ್ಕೆ ತಲುಪಿದರೆ ಒಂದು ಗಂಟೆ ಮಲಗಬಹುದು. ಭಾನುವಾರ ಬೆಳಗಿನ ಜನಶತಾಬ್ದಿ ಹಿಡಿದರೆ ಮಧ್ಯಾಹ್ನದ ಹೊತ್ತಿಗೆ ಮನೆಯ ಊಟ. ಅದರ ಟಿಕೆಟ್ ಕಛೇರಿ ಒಪ್ಪಿಕೊಂಡ ದಿನವೇ ಮಾಡಿ, ಸೀಸನ್ನಿನ ಭಾನುವಾರ ಅದು ಖಾಲಿ ಇರುವುದಿಲ್ಲ.

ಶನಿವಾರ ರಾತ್ರಿ ಕಛೇರಿ ಮುಗಿದ ಮೇಲೆ ಯಾರಾದರೂ "ನಮ್ ಕಾರಲ್ಲೇ ಬನ್ನಿ, ಬೆಳಗಿನ ಜಾವಕ್ಕೆ ಬೆಂಗಳೂರು" ಅನ್ನುತ್ತಾರೆ. ಡ್ರೈವರ್ ಬೇರೆ ಇದ್ದು, ಅವರು ಹಗಲು ಮಲಗಿದ್ದರೆ ಯೋಚಿಸಿ. ಎರಡೂವರೆ ಗಂಟೆ ಹಾಡಿದವರೋ ನುಡಿಸಿದವರೋ ಸ್ಟೀರಿಂಗ್ ಹಿಡಿಯುವುದಾದರೆ ಕೈಮುಗಿದು ಬೇಡ ಅನ್ನಿ.

ಮುಂಬೈ, ದೆಹಲಿ ಕಡೆಗೆ ವಿಮಾನದಲ್ಲಿ ಹೋಗುವವರಿಗೆ ಎರಡು ಮಾತು. ಮೃದಂಗಕ್ಕೆ ಗಟ್ಟಿ ಪೆಟ್ಟಿಗೆ ಬೇಕು, ಅದು ಚೆಕ್ ಇನ್‌ಗೇ ಹೋಗುತ್ತದೆ. ತೂಕದ ಲೆಕ್ಕ ಮೊದಲೇ ನೋಡಿಕೊಳ್ಳಿ. ಕಲ್ಲು, ಸ್ಪ್ಯಾನರ್ ಆ ಪೆಟ್ಟಿಗೆಯಲ್ಲೇ ಇರಲಿ, ಕೈಚೀಲದಲ್ಲಿದ್ದರೆ ಸೆಕ್ಯುರಿಟಿಯವರು ತೆಗೆಸುತ್ತಾರೆ. ಪವರ್ ಬ್ಯಾಂಕ್ ಮಾತ್ರ ಕೈಚೀಲಕ್ಕೆ.

ಹಂತ 6: ಸ್ಥಳ ತಲುಪಿದ ಮೇಲೆ

ಒಂದೂವರೆ ಗಂಟೆ ಮುಂಚೆ ತಲುಪಿ. ಹೋದ ಕೂಡಲೇ ಕಾಫಿಗೆ ಕರೆಯುತ್ತಾರೆ. ಮೊದಲು ವೇದಿಕೆ ನೋಡಿ ಬನ್ನಿ, ಕಾಫಿ ಎಲ್ಲೂ ಹೋಗುವುದಿಲ್ಲ. ಫ್ಯಾನ್ ಎಲ್ಲಿದೆ? ಅದರ ಗಾಳಿ ನೇರವಾಗಿ ಮೃದಂಗದ ಮೇಲೆ, ಮೈಕಿನ ಮೇಲೆ ಬೀಳುತ್ತದಾ? ತಲೆ ಮೇಲೇ ಬಿಸಿ ಲೈಟ್ ಇದೆಯಾ? ಈಗ ಹೇಳಿದರೆ ಸರಿಸುತ್ತಾರೆ. ಗಾಯಕರು ಬಂದು ಕೂತ ಮೇಲೆ ಹೇಳಿದರೆ ಯಾರ ಕಿವಿಗೂ ಬೀಳುವುದಿಲ್ಲ.

ಮೃದಂಗವನ್ನು ಚೀಲದಿಂದ ತೆಗೆದು ಅಲ್ಲೇ ಅರ್ಧ ಗಂಟೆ ಬಿಡಿ, ಆ ಜಾಗದ ಹವೆಗೆ ಹೊಂದಿಕೊಳ್ಳಲಿ. ಹೊರಗೆ ಶ್ರುತಿ ಮಾಡಿ ಎಸಿ ಹಾಲಿನೊಳಗೆ ತಂದರೆ ಮತ್ತೆ ಮೊದಲಿಂದ ಮಾಡಬೇಕು.

ಈಗ ಶ್ರುತಿ. ತಂಬೂರಿ ಹಾಕಿ. ಬಲಭಾಗದ ಸುತ್ತ ಬಾರು ಬಿಗಿದಿರುವ ಹದಿನಾರು ಜಾಗದಲ್ಲೂ ಒಂದೊಂದಾಗಿ ತೋರುಬೆರಳಿಂದ ಮೀಟಿ ನೋಡಿ. ಯಾವುದು ತಗ್ಗಿದೆಯೋ ಅಲ್ಲಿ ಅಂಚಿನ ಹೆಣಿಗೆಯ ಮೇಲೆ ಮರದ ತುಂಡು ಇಟ್ಟು ಕಲ್ಲಿನಿಂದ ಒಂದು ಪೆಟ್ಟು, ಕೆಳಮುಖವಾಗಿ. ಏರಿದ್ದರೆ ಕೆಳಗಿನಿಂದ ಮೇಲಕ್ಕೆ. ಒಂದು ಕಡೆ ಹೊಡೆದ ಕೂಡಲೇ ಅದರ ಎದುರಿನ ಜಾಗವನ್ನು ಕೇಳಿ, ಪಕ್ಕದ್ದನ್ನಲ್ಲ. ಗಾಬರಿಯಲ್ಲಿ ಒಂದೇ ಕಡೆ ನಾಲ್ಕು ಪೆಟ್ಟು ಹಾಕಿದರೆ ಇಡೀ ಮುಚ್ಚಿಗೆ ಓರೆಯಾಗುತ್ತದೆ. ಹದಿನಾರೂ ಒಂದೇ ಸ್ವರ ಹೇಳಿದಾಗ ನಡುವೆ ಒಂದು "ದಿನ್" ಬಾರಿಸಿ. ತಂಬೂರಿಯ ಷಡ್ಜದೊಳಗೆ ಅದು ಕರಗಿ ಹೋದರೆ ಸರಿ. ಮೃದಂಗವೇ ಬೇರೆಯಾಗಿ ಕೇಳಿಸುತ್ತಿದ್ದರೆ ಇನ್ನೂ ಸ್ವಲ್ಪ ಕೆಲಸ ಇದೆ ಅಂತ.

ರವೆ ಹಚ್ಚುವುದು ಕೊನೆಗೆ, ಕಛೇರಿಗೆ ಹದಿನೈದು ನಿಮಿಷ ಇರುವಾಗ.

ಮೈಕಿನವರ ಹೆಸರು ಕೇಳಿ. ಇಡೀ ಸಂಜೆ "ಹಲೋ, ಮೈಕ್!" ಅಂತ ಕೂಗಿಸಿಕೊಳ್ಳುವ ಮನುಷ್ಯ ಅವರು. ಹೆಸರು ಹಿಡಿದು "ಅಣ್ಣಾ, ಎಕೋ ಸ್ವಲ್ಪ ಕಮ್ಮಿ ಮಾಡ್ತೀರಾ" ಅಂದರೆ ತಕ್ಷಣ ಮಾಡುತ್ತಾರೆ. ಎಡಕ್ಕೊಂದು, ಬಲಕ್ಕೊಂದು ಮೈಕ್ ಕೇಳಿ, ಚರ್ಮದಿಂದ ಒಂದು ಗೇಣು ದೂರ ಇಡಿಸಿ. ಎಡಗಡೆಯದನ್ನು ಬೇರೆ, ಬಲಗಡೆಯದನ್ನು ಬೇರೆ ನುಡಿಸಿ ತೋರಿಸಿ. ಮಾನಿಟರಿನಲ್ಲಿ (ವೇದಿಕೆಯವರಿಗೆ ಕೇಳಲು ಇಡುವ ಸ್ಪೀಕರಿನಲ್ಲಿ) ನಿಮಗೆ ಬೇಕಾಗಿರುವುದು ಗಾಯನ ಮತ್ತು ತಂಬೂರಿ. ನಿಮ್ಮ ಮೃದಂಗವನ್ನೇ ಜೋರಾಗಿ ಕೇಳಬೇಡಿ. ಜೋರಾಗಿ ಕೇಳಿಸಿದರೆ ಕೈ ತಾನಾಗಿ ಮೆತ್ತಗಾಗುತ್ತದೆ, ಹೊರಗೆ ಕೂತವರಿಗೆ ಏನೂ ಕೇಳಿಸುವುದಿಲ್ಲ. ಮೈಕ್ ಇಲ್ಲದ ಕಾಲದಲ್ಲಿ ದೂರ ಕೂತವರಿಗೂ ಕೇಳಲಿ ಅಂತ ಟಿ. ಚೌಡಯ್ಯನವರು ಏಳು ತಂತಿಯ ಪಿಟೀಲು ಮಾಡಿಕೊಂಡರು. ನಮಗೆ ಮೈಕ್ ಇದ್ದೂ ಈ ಪಾಡು!

ಹಂತ 7: ವೇದಿಕೆ ಮೇಲೆ

ಗಾಯಕರನ್ನು ಕೂರುವ ಮುಂಚೆಯೇ ಕೇಳಬೇಕಾದ್ದು ಮೂರು. ಮುಖ್ಯ ಕೃತಿ ಯಾವ ತಾಳ? ಎಡುಪು, ಅಂದರೆ ತಾಳದಲ್ಲಿ ಹಾಡು ಶುರುವಾಗುವ ಜಾಗ, ಎಲ್ಲಿ? ತನಿ ಎಷ್ಟು ಹೊತ್ತು? ಕೃತಿ ಯಾವುದು ಅಂತ ಹೇಳಲು ಕೆಲವರಿಗೆ ಇಷ್ಟ ಇರುವುದಿಲ್ಲ. ತಾಳ ಹೇಳಿದರೂ ಸಾಕು. ಆದಿ ತಾಳ ಎರಡು ಕಳೆ (ಎಂಟರ ತಾಳ, ಪ್ರತಿ ಎಣಿಕೆಯೂ ಎರಡೆರಡು ಸಲ) ಅಂದರೆ ಒಂದು ತಯಾರಿ, ಮಿಶ್ರಛಾಪು (ಏಳರ ತಾಳ) ಅಂದರೆ ಇನ್ನೊಂದು. ನೋಟ್‌ಬುಕ್ಕಿನಲ್ಲಿ ಎಂಟರ, ಏಳರ, ಐದರ ತಾಳಕ್ಕೆ ಎರಡೆರಡು ಮುಕ್ತಾಯ (ತನಿ ಮುಗಿಸುವ ಲೆಕ್ಕದ ಜೋಡಣೆ) ಬರೆದಿಡಿ. ನಿದ್ದೆಗೆಟ್ಟ ದಿನ ತಲೆ ಓಡುವುದಿಲ್ಲ, ಪುಸ್ತಕ ಓಡಿಸುತ್ತದೆ.

"ಹತ್ತು ನಿಮಿಷ" ಅಂದರೆ ಹತ್ತೇ ನಿಮಿಷ. ಮೊದಲ ದಿನವೇ ಇಪ್ಪತ್ತು ನಿಮಿಷ ತನಿ ಬಾರಿಸಿ ಚಪ್ಪಾಳೆ ಗಿಟ್ಟಿಸಿದರೆ ಮೂರನೇ ದಿನ ಬೆರಳು ಲೆಕ್ಕ ಕೇಳುತ್ತದೆ. ಬೆರಳ ತುದಿ ಊದಿಕೊಂಡಿದ್ದರೆ ರಾತ್ರಿ ಬಿಸಿನೀರಲ್ಲಿ ಕೈ ಅದ್ದಿ ಕೂರಿ, ಮಲಗುವಾಗ ಸ್ವಲ್ಪ ಕೊಬ್ಬರಿ ಎಣ್ಣೆ. ಬೆಳಿಗ್ಗೆ ಮಾತ್ರ ಎಣ್ಣೆ ಮುಟ್ಟಬೇಡಿ, ಎಣ್ಣೆ ಕೈ ಕರಣೆಗೆ ಒಳ್ಳೆಯದಲ್ಲ.

ಊಟದ ಮಾತು. ರಾಮನವಮಿಯಲ್ಲಿ ಎಲ್ಲಿ ಹೋದರೂ ಮಜ್ಜಿಗೆ, ಪಾನಕ ಕೊಡುತ್ತಾರೆ. ಒಂದು ಲೋಟ ಕುಡಿಯಿರಿ, ಮೂರು ಬೇಡ. ಎರಡೂವರೆ ಗಂಟೆ ಎದ್ದು ಹೋಗುವ ಹಾಗಿಲ್ಲ, ಅರ್ಥವಾಯಿತಲ್ಲ. ಸಂಜೆ ನಾಲ್ಕಕ್ಕೆ ಎರಡು ಇಡ್ಲಿ ಸಾಕು. ಬಿಸಿಬೇಳೆಬಾತ್ ಕಛೇರಿ ಮುಗಿದ ಮೇಲೆ, ಎಷ್ಟು ಬೇಕಾದರೂ.

ಹಂತ 8: ರಂಗಪ್ರವೇಶದ ದಾರಿಯೇ ಬೇರೆ

ಭಾನುವಾರದ್ದು ಕಛೇರಿ ಅಲ್ಲ. ಕಛೇರಿಯಲ್ಲಿ ಪುಸ್ತಕ ಇಲ್ಲದೆ, ರಿಹರ್ಸಲ್ ಇಲ್ಲದೆ ಕೂರಬಹುದು. ನೃತ್ಯದಲ್ಲಿ ಆಗುವುದಿಲ್ಲ. ಅದೇ ವಾರ ಕನಿಷ್ಠ ಒಂದು ರಿಹರ್ಸಲ್ ಸಿಗದಿದ್ದರೆ ನಾನು ಒಪ್ಪುವುದಿಲ್ಲ. ಗುರುವಾರ ಸಂಜೆ ಖಾಲಿ ಇಟ್ಟುಕೊಳ್ಳುವುದು ಅದಕ್ಕೇ. ಪುಷ್ಪಾಂಜಲಿಯಿಂದ ತಿಲ್ಲಾನದವರೆಗೆ ಪ್ರತಿ ಜತಿಯನ್ನೂ (ಹೆಜ್ಜೆಗೆ ಹೇಳುವ ಸೊಲ್ಲುಗಳ ಜೋಡಣೆಯನ್ನೂ) ನಿಮ್ಮ ಕೈಬರಹದಲ್ಲೇ ಬರೆದುಕೊಳ್ಳಿ. ನಟುವಾಂಗದವರ (ತಾಳ ಹಾಕಿ ಜತಿ ಹೇಳಿ ನೃತ್ಯ ನಡೆಸುವವರ) ಪುಸ್ತಕದ ಫೋಟೊ ತೆಗೆದುಕೊಂಡು ಬಂದರೆ ಓದಲು ಸಿಗುತ್ತದೆ, ಕೈಗೆ ಬರುವುದಿಲ್ಲ. ನೃತ್ಯದಲ್ಲಿ ವರ್ಣವೊಂದೇ ಮುಕ್ಕಾಲು ಗಂಟೆ ಆಗಬಹುದು. ಎಲ್ಲಿ ಉಸಿರು ಬಿಡಬಹುದು ಅಂತ ಪುಟದಲ್ಲೇ ಗುರುತು ಹಾಕಿ.

ನುಡಿಸುವಾಗ ಕಣ್ಣು ಹುಡುಗಿಯ ಕಾಲಿನ ಮೇಲೆ, ಕಿವಿ ನಟುವಾಂಗದ ಮೇಲೆ. ಎಂಟು ಹತ್ತು ವರ್ಷ ಕಲಿತು ಅವತ್ತು ಒಂದು ದಿನ ಎಲ್ಲರ ಮುಂದೆ ನಿಂತಿರುತ್ತಾಳೆ. ಗಾಬರಿಗೆ ತಾಳದಲ್ಲಿ ಅರ್ಧ ಎಣಿಕೆ ಮುಂದೆ ಓಡಿದರೆ ನೀವೂ ಅವಳ ಜೊತೆ ಓಡಿ, ಮುಂದಿನ ಆವರ್ತದಲ್ಲಿ ಮೆಲ್ಲಗೆ ಹಿಂದಕ್ಕೆ ತನ್ನಿ. ತಾಳ ಸರಿ ನನ್ನದೇ ಅಂತ ಅಲ್ಲೇ ಕಲ್ಲಿನ ಹಾಗೆ ಕೂತರೆ ಬೀಳುವುದು ಅವಳು.

ಹಾಲಿಗೆ ಎರಡು ಗಂಟೆಗೇ ಹೋಗಿ. ಜೆ.ಸಿ. ರಸ್ತೆ ಕಡೆಯ ರಂಗಮಂದಿರಗಳಾದರೆ ಭಾನುವಾರ ಆಟೊಮೊಬೈಲ್ ಅಂಗಡಿಗಳೆಲ್ಲ ಮುಚ್ಚಿರುವುದರಿಂದ ರಸ್ತೆ ಸ್ವಲ್ಪ ಬಿಡುವಾಗಿರುತ್ತದೆ, ಅದೊಂದು ಪುಣ್ಯ. ವಸ್ತ್ರ ಬದಲಿಸುವ ಹೊತ್ತಿಗೆ ನೀವು, ಪಿಟೀಲು, ಕೊಳಲು ಸೇರಿ ಏನಾದರೂ ನುಡಿಸಬೇಕಾಗುತ್ತದೆ. ಏನು ಅಂತ ಅಲ್ಲಿ ವೇದಿಕೆ ಮೇಲೆ ಕಣ್ಸನ್ನೆಯಲ್ಲಿ ಮಾತಾಡುವ ಬದಲು ಗುರುವಾರವೇ ಮಾತಾಡಿ.

ಹಂತ 9: ಮಂಗಳ ಆದ ಮೇಲೆ

ಹಾರ, ಶಾಲು, ಫೋಟೊ ಎಲ್ಲ ಆಗಲಿ. ಅದಾದ ಮೇಲಿನ ಮೊದಲ ಕೆಲಸ ರವೆ ತೆಗೆಯುವುದು. ಒಣಗಿದರೆ ಚರ್ಮದ ಜೊತೆ ಕಿತ್ತು ಬರುತ್ತದೆ. ಒದ್ದೆ ಟವೆಲಿನಲ್ಲಿ ಒರೆಸಿ, ಒಣ ಟವೆಲಿನಲ್ಲಿ ಇನ್ನೊಮ್ಮೆ ಒರೆಸಿ, ಗಾಳಿಗೆ ಐದು ನಿಮಿಷ ಬಿಟ್ಟು ಚೀಲಕ್ಕೆ ಹಾಕಿ.

ಎರಡನೆಯದು ಕವರ್. ಎಲ್ಲರ ಎದುರು ಎಣಿಸುವುದು ಚೆನ್ನಾಗಿರುವುದಿಲ್ಲ, ನಿಜ. ಆದರೆ ವೋಚರಿಗೆ ಸಹಿ ಹಾಕುವ ಮುಂಚೆ ಅದರಲ್ಲಿ ಬರೆದಿರುವ ಮೊತ್ತ ಓದಿ. ಒಂದು ಕಡೆ ನಾನು ಓದದೆ ಸಹಿ ಮಾಡಿದೆ. ವೋಚರಿನಲ್ಲಿದ್ದದ್ದು ಒಂದು, ಕವರಿನಲ್ಲಿದ್ದದ್ದು ಇನ್ನೊಂದು. ಆಮೇಲೆ ಫೋನ್ ಮಾಡಿದರೆ "ಪ್ರಯಾಣದ್ದೂ ಸೇರಿ ಅಲ್ವಾ ಸರ್" ಅಂದರು. ನಾಲ್ಕು ಸಾಲಿನ ವಾಟ್ಸಾಪ್ ಅಭ್ಯಾಸ ಬಂದದ್ದು ಅವತ್ತಿನಿಂದ. ಚೆಕ್ ಅಥವಾ ಬ್ಯಾಂಕಿಗೆ ಹಾಕುತ್ತಾರಾದರೆ ಪ್ಯಾನ್ ನಂಬರ್ ಅಲ್ಲೇ ಕೊಟ್ಟು ಬನ್ನಿ. ಟಿಡಿಎಸ್ ಹಿಡಿದರೆ ಅದರ ಸರ್ಟಿಫಿಕೇಟ್ ಕೇಳಿ. ರಿಟರ್ನ್ಸ್ ಹಾಕುವಾಗ ಆ ದುಡ್ಡು ವಾಪಸ್ ಬರುವ ಸಾಧ್ಯತೆ ಇರುತ್ತದೆ, ಸುಮ್ನೆ ಬಿಡಬೇಡಿ.

ಅವತ್ತಿನ ಖರ್ಚು ಅವತ್ತೇ ಬರೆಯಿರಿ. ಆಟೋ 120, ಕಾಫಿ 40, ಶಿಷ್ಯನಿಗೆ ಊಟ. ಮೂರು ದಿನ ಬಿಟ್ಟು ಬರೆಯಲು ಕೂತರೆ ಕಾಫಿ ಮಾತ್ರ ನೆನಪಿರುತ್ತದೆ.

ಹಂತ 10: ಸೋಮವಾರ

ಎಂಟರವರೆಗೆ ಮಲಗಿ. ಮೂವರು ಗಾಯಕರಿಗೂ ಪಿಟೀಲಿನವರಿಗೂ ಒಂದೊಂದು ಮೆಸೇಜ್ ಹಾಕಿ. ಎರಡೂ ಮೃದಂಗವನ್ನು ಚೀಲದಿಂದ ತೆಗೆದು ನೆರಳಲ್ಲಿ ಗಾಳಿಯಾಡುವ ಕಡೆ ಇಡಿ. ಚೀಲವನ್ನು ಒಳಹೊರಗು ಮಾಡಿ ಬಾಲ್ಕನಿಯಲ್ಲಿ ಚೆನ್ನಾಗಿ ಕೊಡವಿ. ಎಷ್ಟೇ ಒರೆಸಿದ್ದರೂ ಮೂಲೆಯಲ್ಲಿ ನಾಲ್ಕು ಕಾಳು ರವೆ ಉಳಿದಿರುತ್ತದೆ, ಮಧ್ಯಾಹ್ನದೊಳಗೆ 'ಇರುವೆ ಸಾಲು' ಹತ್ತುತ್ತದೆ. ನನ್ನ ಹಳೆಯ ತಗ್ಗಿನ ಮೃದಂಗದ ಎಡಭಾಗದಲ್ಲಿ ಒಂದು ರೂಪಾಯಿ ನಾಣ್ಯದಷ್ಟು ತೇಪೆ ಇದೆ. ಅದು ಇಲಿಯ ಕೆಲಸ. ಅವತ್ತು ನಾನು ಚೀಲ ಕೊಡವದೆ ಮಲಗಿದ್ದೆ.